ಗಿರಿನಗರದ ಹಿತ್ತಲ ಓಣಿಯಲ್ಲಿ ಸೌದೆ ಒಲೆ: ನನ್ನ ಅನುಭವ

ಬೆಂಗಳೂರಿನಲ್ಲಿ, ಮೂವತ್ತು–ನಲವತ್ತರ ಸೈಟಿನಲ್ಲಿ, ಮೂರು ಕಡೆ ಮನೆಗಳು ಒತ್ತಿಕೊಂಡಿರುವ ಜಾಗದಲ್ಲಿ ಸೌದೆ ಒಲೆ ನಡೆಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಮೇಸ್ತ್ರಿ ಹೇಳಿದ, ನನ್ನ ತಮ್ಮ ಹೇಳಿದ, ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದಲೇ ಹೇಳಿದರು. ಗಿರಿನಗರದ ನಮ್ಮ ಮನೆಯ ಹಿಂದಿನ ಐದಡಿ ಓಣಿಯಲ್ಲಿ ಆ ಒಲೆ ಎರಡು ಮಳೆಗಾಲ ದಾಟಿ ಇಂದಿಗೂ ಉರಿಯುತ್ತಿದೆ. ನಾಲ್ಕು ಜನರ ಸ್ನಾನಕ್ಕೆ ನೀರು ಕಾಯುತ್ತದೆ, ಅದೇ ಬೆಂಕಿಯಲ್ಲಿ ಬೆಳಗಿನ ಅನ್ನವೋ ಸಾರೋ ಆಗುತ್ತದೆ, ಓಣಿಯ ಗೋಡೆಗೆ ಬಳಿದ ಸುಣ್ಣ ಇನ್ನೂ ಬೆಳ್ಳಗಿದೆ. ಒಲೆ ಕಟ್ಟಿ, ಉರಿಸಿ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಡೊಲೆ ಎಂದರೇನು, ಜಾಲರಿ ಏಕೆ ಬೇಕು ಎಂದು ವಿವರಿಸುತ್ತ ಕೂರುವುದಿಲ್ಲ.

ನಾನು ಕಂಡುಕೊಂಡದ್ದು ಇಷ್ಟು: ಹೊಗೆ ಕೊಳವೆಯಿಂದ ಶುರು ಮಾಡಬೇಕು. ನಮ್ಮಲ್ಲಿ ಎಲ್ಲರೂ ಒಲೆ ಕಟ್ಟಿ ಮುಗಿಸಿ, ಹಿಂದೆ ಒಂದು ತೂತು ಬಿಟ್ಟು, ಸಿಕ್ಕಿದ ಪೈಪನ್ನು ಸಿಕ್ಕಿಸುತ್ತಾರೆ. ಕೊಳವೆ ಎಷ್ಟು ಎತ್ತರ ಹೋಗಲೇಬೇಕು ಎಂಬುದನ್ನು ಪಕ್ಕದ ಕಟ್ಟಡಗಳು ನಿರ್ಧರಿಸಿಬಿಟ್ಟಿರುತ್ತವೆ. ಆ ಎತ್ತರಕ್ಕೆ ತಕ್ಕ ಅಗಲ, ಅಗಲಕ್ಕೆ ತಕ್ಕ ಒಲೆಬಾಯಿ, ಅದಕ್ಕೆ ತಕ್ಕ ಹಂಡೆ. ಈ ಕ್ರಮ ತಿರುಗುಮುರುಗಾದಾಗಲೆಲ್ಲ ನನ್ನ ದುಡ್ಡು ಹೋಗಿದೆ.

ಮಾದರಿಗೆ ಎದುರಿಗಿದ್ದದ್ದು ಅಸ್ತ್ರ ಒಲೆ. 1974ರಲ್ಲಿ ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ ಮೂರು ಬಾಯಿಯ ಒಲೆ ಅದು. ಮಾಗಡಿ ಕಡೆಯ ನಮ್ಮ ತವರಿನಲ್ಲಿ ಒಂದು ಇತ್ತು. ಅಮ್ಮ ಅದರ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಲ್ಲ. ಆದರೆ ಅದು ಹೆಂಚಿನ ಮನೆಗೆಂದು ಮಾಡಿದ ಒಲೆ. ಕೊಳವೆ ಹೆಂಚು ದಾಟಿ ಸ್ವಲ್ಪ ಮೇಲೆ ಹೋದರೆ ಸಾಕು, ಸುತ್ತ ಬಯಲು. ನಮ್ಮಲ್ಲಿ ಪಡುವಣ ದಿಕ್ಕಿಗೆ ಮೂರಂತಸ್ತಿನ ಮನೆ ನಿಂತಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಅದರ ತಲೆ ಹತ್ತಿ ನೇರವಾಗಿ ನಮ್ಮ ಓಣಿಗೆ ಬೀಳುತ್ತದೆ.

ಮೊದಲನೆಯ ಒಲೆಯನ್ನು ಮೇಸ್ತ್ರಿ ಕಟ್ಟಿದ. "ಅಮ್ಮ, ಇಂಥ ಒಲೆ ಎಷ್ಟು ಕಟ್ಟಿಲ್ಲ ನಾನು, ನೀವು ಸುಮ್ಮನೆ ನೋಡುತ್ತಿರಿ" ಎಂದ. ಸಿಮೆಂಟು ಗಾರೆ, ಮಾಮೂಲಿ ಇಟ್ಟಿಗೆ, ನಾಲ್ಕು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸಜ್ಜೆಯನ್ನು ತಪ್ಪಿಸಲು ಎರಡು ಎಲ್ಬೋ (ಪೈಪಿನ ಮೂಲೆ ತಿರುವು), ಒಟ್ಟು ಹನ್ನೆರಡು ಅಡಿ ಎತ್ತರ. ಸೌದೆ ಹಚ್ಚಿದರೆ ಹೊಗೆಯೆಲ್ಲ ಒಲೆಬಾಯಿಯಿಂದಲೇ ಹೊರಕ್ಕೆ. ವಾರ ಕಳೆಯುವುದರೊಳಗೆ ಗಾರೆ ಬಿರಿಯಿತು, ತಿಂಗಳಾಗುವಷ್ಟರಲ್ಲಿ ಇಟ್ಟಿಗೆ ಅಲ್ಲಾಡತೊಡಗಿತು. ಒಲೆಯ ಹತ್ತಿರದ ಪೈಪಿನ ತುಂಡಿನಲ್ಲಿ ಸತುವಿನ ಲೇಪ ಸುಲಿದು ಬಂತು. ಸತು 420 ಡಿಗ್ರಿ ಆಸುಪಾಸಿಗೇ ಕರಗುತ್ತದೆ, ಅದರ ಹೊಗೆ ಒಳ್ಳೆಯದಲ್ಲ. ಬೆಂಕಿಯ ಬಾಯಿಗೆ ಜಿಐ ಹಾಕುವ ಯೋಚನೆಯನ್ನೇ ಬಿಡಿ. ಕೂಲಿ, ಸಾಮಾನು ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಪೈಪನ್ನು ಗುಜರಿಗೆ ಹಾಕಿದಾಗ ಬಂದದ್ದು ಐದಾರು ನೂರು.

ನಾಲ್ಕು ಇಂಚಿನ ಪೈಪಿನ ಬಾಯಿ ಹನ್ನೆರಡೂವರೆ ಚದರ ಇಂಚು. ಆರು ಇಂಚಿನದು ಇಪ್ಪತ್ತೆಂಟು. ಎರಡೇ ಇಂಚು ಹೆಚ್ಚಿದರೆ ದಾರಿ ಎರಡು ಪಟ್ಟು ಮೀರುತ್ತದೆ. ಎಲ್ಬೋ ಬೇಡವೇ ಬೇಡ. ತಿರುಗಿಸಲೇಬೇಕಾದರೆ ಓರೆಯಾಗಿ ತಿರುಗಿಸಿ. ನಾನು ಸಜ್ಜೆಯನ್ನೇ ಒಂದಡಿ ಕತ್ತರಿಸಿ ಕೊಳವೆಯನ್ನು ನೇರವಾಗಿ ಒಯ್ದೆ. ಅದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು, ಆದರೆ ಒಲೆಯ ಅರ್ಧ ಗೆಲುವು ಅಲ್ಲಿದೆ.

ಎರಡನೆಯ ಸಲ ಕಾಮಾಕ್ಷಿಪಾಳ್ಯದ ಒಬ್ಬ ಫ್ಯಾಬ್ರಿಕೇಟರ್ ಹತ್ತಿರ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಆರು ಇಂಚಿನ ಕೊಳವೆಯನ್ನು ಮಾಡಿಸಿದೆ. ಒಂದು ಮಿಲಿಮೀಟರ್ ದಪ್ಪ, ಐದು ತುಂಡು, ಒಟ್ಟು ಇಪ್ಪತ್ತಾರು ಅಡಿ. ಹದಿನಾಲ್ಕು ಸಾವಿರದಷ್ಟಾಯಿತು ಎಂದು ನೆನಪು. ಅಗ್ಗದ 202 ದರ್ಜೆ ಹಾಕಿದರೆ ಮೂರ್ನಾಲ್ಕು ಸಾವಿರ ಉಳಿಯುತ್ತಿತ್ತು, ಆದರೆ ಮಸಿ ನೀರಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಒಂದು ವಾದವೂ ನಡೆಯಿತು. "ಹೊಗೆ ಮೇಲಕ್ಕೆ ಹೋಗುವುದಲ್ಲವಾ ಮೇಡಂ? ಕೆಳಗಿನ ತುಂಡು ಮೇಲಿನದರ ಒಳಗೆ ಕೂರಬೇಕು" ಎಂದು ಆತ. ಹೊಗೆ ಮೇಲಕ್ಕೆ ಹೋಗುತ್ತದೆ, ನಿಜ. ಆದರೆ ತಣಿದ ಹೊಗೆಯ ಕಪ್ಪು ನೀರು ಒಳಗೋಡೆ ಹಿಡಿದು ಕೆಳಗಿಳಿಯುತ್ತದೆ. ಮೇಲಿನ ತುಂಡು ಕೆಳಗಿನದರ ಒಳಗೆ ಕೂತಿದ್ದರೆ ಆ ನೀರು ಒಲೆಯವರೆಗೂ ಒಳಗೊಳಗೇ ಬರುತ್ತದೆ. ಉಲ್ಟಾ ಆದರೆ ಪ್ರತಿ ಕೀಲಿನಲ್ಲೂ ಹೊರಗೆ ಸೋರಿ ಗೋಡೆಯ ಮೇಲೆ ಗೀರು ಬೀಳುತ್ತದೆ. ಕೊನೆಗೆ ನನ್ನ ಮಾತೇ ನಡೆಯಿತು. ಮಳೆ ನೀರು ನುಗ್ಗದಂತೆ ಕೀಲುಗಳಿಗೆ ಪಟ್ಟಿ ಕಟ್ಟಿಸಿದ್ದೇನೆ.

ಈಗ ಎಳೆತ (ಕೊಳವೆ ಹೊಗೆಯನ್ನು ಮೇಲಕ್ಕೆಳೆಯುವ ಸೆಳೆತ) ಬಂತು, ಆದರೆ ಅತಿಯಾಗಿ ಬಂತು. ಕೊಳವೆ ಒಮ್ಮೆ ಕಾದರೆ ಬೆಂಕಿ ಭರ್ರೆಂದು ಹಂಡೆಯ ತಳವನ್ನು ಮುಟ್ಟಿಯೂ ಮುಟ್ಟದೆ ಹಾರಿಹೋಗುತ್ತಿತ್ತು. ಐದು ಕಿಲೋ ಸೌದೆ ಮುಗಿದರೂ ನೀರು ಉಗುರುಬೆಚ್ಚಗೆ. ಕೊಳವೆಯ ಬುಡದಲ್ಲಿ ಸಣ್ಣ ತೂತು ಕೊರೆದು ಸೂಜಿ ಥರ್ಮಾಮೀಟರ್ ಇಟ್ಟು ನೋಡಿದರೆ ಮುನ್ನೂರಕ್ಕೂ ಮೇಲೆ ತೋರಿಸಿತು. ತಮ್ಮ ನೋಡಿ, "ಅಕ್ಕ, ಇದನ್ನು ಒಡೆದು ಗೀಸರ್ ಹಾಕಿಸು" ಎಂದು ಹೇಳಿ ಹೋದ.

ಅದಕ್ಕಾಗಿ ಹಂಡೆಯ ಸುತ್ತ ಇಟ್ಟಿಗೆ ಚೂರುಗಳಿಂದ ಏಣು (ದಿಂಡಿನಂಥ ಅಡ್ಡತಡೆ) ಕಟ್ಟಿ, ಬಿಸಿ ಗಾಳಿ ಒಂದೂವರೆ ಸುತ್ತು ಸುತ್ತಿಯೇ ಕೊಳವೆ ಸೇರುವಂತೆ ಮಾಡಿದೆ. ನೀರು ಬೇಗ ಕಾಯತೊಡಗಿತು. ಆದರೆ ಕೊಳವೆಯ ಬುಡದಲ್ಲಿ ತೊಂಬತ್ತು ಡಿಗ್ರಿಯೂ ನಿಲ್ಲಲಿಲ್ಲ, ಎಳೆತ ಸತ್ತಿತು, ಮತ್ತೆ ಹೊಗೆ. ಬುಡದ ತಟ್ಟೆಯಲ್ಲಿ ಕಾಕಂಬಿಯಂಥ ಕಪ್ಪು ಅಂಟು ಇಳಿಯಿತು. ಬೆಂಕಿಯ ಬಿಸಿಯನ್ನೆಲ್ಲ ಹಂಡೆಯೇ ಹೀರಿದರೆ ಕೊಳವೆಗೆ ಎಳೆಯಲು ಶಕ್ತಿ ಎಲ್ಲಿಂದ ಬರಬೇಕು? ಏಣನ್ನು ಸ್ವಲ್ಪ ಸ್ವಲ್ಪವೇ ಒಡೆಯುತ್ತ ಬಂದೆ. ಒಂದು ಸುತ್ತಿಗೆ ಇಳಿಸಿದಾಗ ಬುಡದಲ್ಲಿ ನೂರೈವತ್ತು–ನೂರೆಪ್ಪತ್ತು ನಿಂತಿತು, ಅಂಟು ನಿಂತುಹೋಯಿತು. ಹಂಡೆಗೂ ಗೋಡೆಗೂ ನಡುವೆ ಬೆರಳಗಲಕ್ಕಿಂತ ತುಸು ಹೆಚ್ಚು ಜಾಗ. ಕೊಳವೆಯಲ್ಲಿ ಎಳೆತ ತಗ್ಗಿಸಲು ತಿರುಗಿಸುವ ಒಂದು ಡ್ಯಾಂಪರ್ ತಟ್ಟೆ; ಪೂರ್ತಿ ಮುಚ್ಚದಂತೆ ಅದರ ಒಂದು ಅಂಚನ್ನು ಕತ್ತರಿಸಿದ್ದೇನೆ. ಕೆಂಡ ಇರುವಾಗ ಕೊಳವೆ ಪೂರ್ತಿ ಮುಚ್ಚಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಬಚ್ಚಲಿಗೆ ತುಂಬಿ ಜೀವಕ್ಕೇ ಅಪಾಯ. ಬಚ್ಚಲೊಳಗೆ ಒಲೆ ಇಡುವವರು ಕಿಟಕಿಗೆ ಗಾಜು ಜಡಿಯಲೇಬೇಡಿ.

ಪಡುವಣ ಗಾಳಿಗೆ ಪರಿಹಾರವಾಗಿ ಬಂದದ್ದು ಕೊಳವೆಯ ತುದಿಗೆ ಹಾಕುವ ಎಚ್ ಆಕಾರದ ಟೋಪಿ. ಛತ್ರಿ ಟೋಪಿ ಮಳೆಯನ್ನು ತಡೆಯುತ್ತದೆ, ಮೇಲಿಂದ ಬೀಳುವ ಗಾಳಿಯನ್ನು ತಡೆಯುವುದಿಲ್ಲ. ತಿರುಗುವ ಚೆಂಡಿನ ಟೋಪಿಯೂ ಒಂದು ಜುಲೈ ತಡೆದು ಮಸಿ ಕಟ್ಟಿ ನಿಂತುಹೋಯಿತು, ಹದಿನೈದು ನೂರು ದಂಡ. ಎಚ್ ಟೋಪಿಯೊಳಗೆ ನಾನು ಒಂದು ಅಡ್ಡತಟ್ಟೆ ಬೆಸೆಸಿದ್ದೇನೆ. ಅದರ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಒಂದು ಇಡೀ ಮಳೆಗಾಲ ಏಣಿ ಹತ್ತಿಳಿದಿದ್ದೇನೆ.

ಒಲೆಯ ಒಳಮೈಗೆ ಎಸ್‌ಜೆಪಿ ರಸ್ತೆಯ ಕಡೆಯಿಂದ ತಂದ ಅಗ್ನಿ ಇಟ್ಟಿಗೆ, ಹೊರಮೈಗೆ ಮಾಮೂಲಿ ಇಟ್ಟಿಗೆ, ಎರಡಕ್ಕೂ ಮಣ್ಣಿನ ಗಾರೆ. ಸಿಮೆಂಟಿನ ಮುಖವನ್ನೇ ನೋಡಲಿಲ್ಲ. ಹುತ್ತದ ಮಣ್ಣನ್ನು ತವರಿನಿಂದ ಎರಡು ಚೀಲ ತರಿಸಿ, ಜರಡಿ ಹಿಡಿದು, ಬೂದಿ, ಭತ್ತದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ ನಾಲ್ಕೈದು ದಿನ ಕೊಳೆಹಾಕಿದೆ. ಪ್ರತಿದಿನ ಬೆಳಿಗ್ಗೆ ತುಳಿಯಬೇಕು. ಉಂಡೆ ಕಟ್ಟಿ ಮೊಳಕಾಲೆತ್ತರದಿಂದ ಬಿಟ್ಟರೆ ಚಪ್ಪಟೆಯಾಗಬೇಕು, ಅಂಚು ಬಿರಿಯಬಾರದು. ಇದಕ್ಕೆ ಇನ್ನೂ ಒಂದು ಪದಾರ್ಥ ಸೇರುತ್ತದೆ, ಅದು ನಮ್ಮ ಅಜ್ಜಿಯಿಂದ ಬಂದದ್ದು, ನಮ್ಮಲ್ಲೇ ಇರಲಿ. ಕಟ್ಟಿದ ಮೇಲೆ ಮೂರು ವಾರ ನೆರಳಿನಲ್ಲಿ ಒಣಗಲು ಬಿಟ್ಟು, ಆಮೇಲೆ ಪುರಲೆಯಿಂದ ಸಣ್ಣ ಉರಿ ಕೊಟ್ಟೆ. ಕೂದಲೆಳೆಯಷ್ಟು ಬಿರುಕೂ ಬರಲಿಲ್ಲ.

ಸೌದೆಯ ವಿಷಯಕ್ಕೆ ಬರುತ್ತೇನೆ. ಡಿಪೋದಲ್ಲಿ ಒಣಸೌದೆ ಎಂದು ಕೊಡುವುದರಲ್ಲಿ ಅರ್ಧ ಹಸಿ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಕಿಲೋಗೆ ಒಂಬತ್ತು ಹತ್ತು ರೂಪಾಯಿ ಕೊಟ್ಟು ನೀರು ಕೊಂಡು, ಆ ನೀರನ್ನು ಆವಿ ಮಾಡಲು ಉಳಿದ ಸೌದೆಯನ್ನು ಸುಡಬೇಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಠಣ್ ಎನ್ನುತ್ತದೆ, ಹಸಿಯಾದರೆ ದಪ್ ಎಂದು ಸುಮ್ಮನಾಗುತ್ತದೆ. ನಾನು ಸರ್ವೆ ಮತ್ತು ಜಾಲಿಯನ್ನು ಫೆಬ್ರುವರಿಯಲ್ಲಿ ಕೊಂಡು, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ಓಣಿಯಲ್ಲಿ ತಳ ಎತ್ತರಿಸಿ ಅಟ್ಟಿ ಹಾಕುತ್ತೇನೆ. ಏಪ್ರಿಲ್, ಮೇ ಬಿಸಿಲು ಅದನ್ನು ಒಣಗಿಸುತ್ತದೆ. ನೀಲಗಿರಿ ಚೆನ್ನಾಗಿ ಉರಿಯುತ್ತದೆ, ಆದರೆ ಅರೆ ಒಣಗಿದ್ದರೆ ಕೊಳವೆಗೆ ಅಂಟು ಬಳಿಯುತ್ತದೆ. ಪೀಣ್ಯದ ಕಾರ್ಖಾನೆಗಳಿಂದ ಬರುವ ಪ್ಯಾಕಿಂಗ್ ಪ್ಯಾಲೆಟ್‌ಗಳು ಅಗ್ಗ, ಚೆನ್ನಾಗಿ ಒಣಗಿರುತ್ತವೆ. ಕೊಳ್ಳುವ ಮುಂಚೆ ಮುದ್ರೆ ನೋಡಿ: ಎಚ್‌ಟಿ ಎಂದಿದ್ದರೆ ಬಿಸಿಯಿಂದ ಹದಮಾಡಿದ್ದು, ಉರಿಸಬಹುದು, ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷ ಹಾಕಿದ್ದು, ಮುಟ್ಟಬೇಡಿ. ಪ್ಲೈವುಡ್, ಬಣ್ಣ ಬಳಿದ ಮರ ಒಲೆಗೆ ಬರಲೇಕೂಡದು.

ಲೆಕ್ಕ ಕೇಳುವವರಿಗೆ: ಎಂಬತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಲು 1600 ಕಿಲೋಕ್ಯಾಲರಿ ಬೇಕು. ಒಣಸೌದೆಯ ಒಂದು ಕಿಲೋದಲ್ಲಿ 4000ದಷ್ಟು ಇರುತ್ತದೆ. ಒಲೆ ಅದರ ಮೂರನೇ ಒಂದು ಭಾಗವನ್ನು ಹಿಡಿದರೆ ಒಂದೂಕಾಲು ಕಿಲೋ ಸಾಕು. ನನಗೆ ಅಡುಗೆಯೂ ಸೇರಿ ಎರಡು, ಎರಡೂಕಾಲು ಕಿಲೋ ಹಿಡಿಯುತ್ತದೆ. ಗೀಸರ್‌ಗೆ ಇದೇ ಕೆಲಸಕ್ಕೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಎರಡರ ಖರ್ಚೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಡಿಪೋ ಸೌದೆಯನ್ನೇ ನಂಬಿದರೆ ನೀರಿನಲ್ಲಿ ಉಳಿತಾಯವಿಲ್ಲ. ಉಳಿತಾಯ ಇರುವುದು ಅಡುಗೆಯಲ್ಲಿ ಮತ್ತು ಪುಕ್ಕಟೆ ಸಿಗುವ ಉರುವಲಿನಲ್ಲಿ. ಐದು ವಾರಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಎರಡು ತಿಂಗಳು ಬರುತ್ತದೆ. ಒಡೆದದ್ದು, ಕೆಡವಿದ್ದು ಎಲ್ಲ ಸೇರಿ ಒಟ್ಟು ಮೂವತ್ತೆಂಟು ಸಾವಿರ ಸುರಿದಿದ್ದೇನೆ. ಇಂದು ಗೊತ್ತಿರುವುದನ್ನು ಇಟ್ಟುಕೊಂಡು ಕಟ್ಟಿದರೆ ಇಪ್ಪತ್ತೆರಡರಲ್ಲಿ ಆಗುತ್ತದೆ.

ನಡುವೆ ಮಾಡಿ ನೋಡಿದ ಕೆಲವು ಪ್ರಯೋಗಗಳು. ತೆಂಗಿನ ಚಿಪ್ಪು ಒಂದೇ ಸಮ ಹಾಕಿದ್ದಕ್ಕೆ ಕಬ್ಬಿಣದ ಜಾಲರಿಯೇ ಬಾಗಿತು. ಸೌದೆಯ ಜೊತೆ ನಾಲ್ಕು ಚಿಪ್ಪಿಗಿಂತ ಹೆಚ್ಚು ಬೇಡ. ಅಡಿಕೆ ಸಿಪ್ಪೆ ಹೊಗೆ ಹೆಚ್ಚು, ಬಿಸಿ ಕಡಿಮೆ. ಎಸ್‌ಪಿ ರಸ್ತೆಯಲ್ಲಿ ನೂರೈವತ್ತಕ್ಕೆ ಸಿಕ್ಕಿದ ಕಂಪ್ಯೂಟರ್ ಫ್ಯಾನನ್ನು ಜಾಲರಿಯ ಕೆಳಗಿಟ್ಟು ಊದಿಸಿದೆ. ಉರಿ ನೀಲಿಗಟ್ಟಿತು, ಊದುಗೊಳವೆಗೆ ರಜೆ ಸಿಕ್ಕಿತು, ಆದರೆ ಬೂದಿ ಹಾರಿ ಹಂಡೆಯ ಸುತ್ತಿನ ದಾರಿಯನ್ನು ಮುಚ್ಚಿತು. ಕೊಳವೆ ಇಲ್ಲದ ಒಲೆಗೆ ಅದು ಸರಿ, ಇದಕ್ಕೆ ಬೇಡ. ಸ್ನಾನ ಮುಗಿದ ಮೇಲೆ ಉಳಿದ ಕೆಂಡವನ್ನು ಮುಚ್ಚಳದ ಮಡಕೆಯಲ್ಲಿ ಹಾಕಿ ಇದ್ದಿಲು ಮಾಡುತ್ತೇನೆ. ನಮ್ಮ ರಸ್ತೆಯ ಇಸ್ತ್ರಿಯವರು ಅದನ್ನು ಒಯ್ಯುತ್ತಾರೆ, ಬದಲಿಗೆ ತಿಂಗಳ ಇಸ್ತ್ರಿಯಲ್ಲಿ ಮುರಿದುಕೊಳ್ಳುತ್ತಾರೆ.

ನೆರೆಯವರನ್ನು ಒಪ್ಪಿಸಿದ್ದು ಬೆಂಕಿ ಹಚ್ಚುವ ರೀತಿ. ದಪ್ಪ ಸೌದೆ ಕೆಳಗೆ, ಸಣ್ಣ ಚಕ್ಕೆ ಮೇಲೆ, ಎಲ್ಲಕ್ಕಿಂತ ಮೇಲೆ ಪುರಲೆ, ಮೇಲಿನಿಂದ ಹಚ್ಚಬೇಕು. ಕೆಳಗಿನ ಸೌದೆ ಬಿಡುವ ಹೊಗೆ ಮೇಲಿನ ಉರಿಯಲ್ಲಿ ಹಾದು ಸುಟ್ಟುಹೋಗುತ್ತದೆ. ಅದಕ್ಕೂ ಮೊದಲು ಕೊಳವೆಯ ಬುಡದ ಬಾಗಿಲಿನಲ್ಲಿ ಒಂದು ಹಾಳೆ ದಿನಪತ್ರಿಕೆ ಸುಟ್ಟು ಒಳಗಿನ ತಣ್ಣನೆ ಗಾಳಿಯನ್ನು ಎಬ್ಬಿಸಬೇಕು. ಮೊದಲ ಐದು ನಿಮಿಷ ಬಿಟ್ಟರೆ ಟೋಪಿಯಿಂದ ಹೊಗೆ ಕಾಣುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಸೂರ್ಯ ಹುಟ್ಟುವ ಮೊದಲು ಹಚ್ಚುವುದಿಲ್ಲ. ಆಗ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿದ್ದು ಹೊಗೆ ಮೇಲೇಳದೆ ರಸ್ತೆಯಲ್ಲೇ ತೂಗುತ್ತದೆ. ಕಳೆದ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿದ್ದೆವು. ಕಾಂಪೌಂಡಿನ ಮೇಲಿಂದ ಬೇಡ ಎಂದಿದ್ದವರೇ ಬಂದು ನೋಡಿ, ಅವರ ಮನೆಗೂ ಕಟ್ಟಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಆ ಸಂತೋಷ ನನಗೆ ಇನ್ನೂ ಇದೆ.

ನಿರ್ವಹಣೆ ಕಷ್ಟವಲ್ಲ, ಆದರೆ ಬಿಡುವಂತಿಲ್ಲ. ತಿಂಗಳಿಗೊಮ್ಮೆ ಮೇಲಿನಿಂದ ಹಗ್ಗಕ್ಕೆ ಕಲ್ಲು ಕಟ್ಟಿ, ಅದರ ಮೇಲೆ ಗೋಣಿ ತಾಟು ಸುತ್ತಿ ಕೊಳವೆಯಲ್ಲಿ ಏರಿಳಿಸುತ್ತೇನೆ. ಕೆಳಗೆ ಬೀಳುವ ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಬೇಕು. ಕಂದುಬಣ್ಣದ ಒಣ ಪುಡಿಯಾದರೆ ಸೌದೆ, ಎಳೆತ ಎರಡೂ ಸರಿಯಿದೆ. ಹೊಳೆಯುವ ಕಪ್ಪು ಹಕ್ಕಳೆ ಬಿದ್ದರೆ ಸೌದೆ ಹಸಿ. ಅದನ್ನು ಹಾಗೇ ಬಿಟ್ಟರೆ ಒಂದು ದಿನ ಕೊಳವೆಯೊಳಗೇ ಬೆಂಕಿ ಹೊತ್ತುತ್ತದೆ. ಹಂಡೆಯ ಸುತ್ತಿನ ದಾರಿಯ ಬೂದಿಯನ್ನು ವಾರಕ್ಕೊಮ್ಮೆ ಉದ್ದನೆಯ ಸೌಟಿನಲ್ಲಿ ತೆಗೆಯುತ್ತೇನೆ. ಪಾತ್ರೆಯ ತಳಕ್ಕೆ ತೆಳುವಾಗಿ ಮಣ್ಣು ಬಳಿದು ಇಡುವುದರಿಂದ ತಿಕ್ಕುವಾಗ ಮಸಿ ಮಣ್ಣಿನ ಜೊತೆ ಬರುತ್ತದೆ. ಪ್ಯಾಲೆಟ್ ಸುಟ್ಟ ಬೂದಿಯಲ್ಲಿ ಮೊಳೆ ಇರುತ್ತದೆ, ಗಿಡಕ್ಕೆ ಹಾಕುವ ಮುಂಚೆ ಅಯಸ್ಕಾಂತ ಆಡಿಸಿ. ಸಂಕ್ರಾಂತಿಗೂ ಗೌರಿ ಹಬ್ಬಕ್ಕೂ ಒಲೆಗೆ ಮಣ್ಣು ಮೆತ್ತಿ ಸಾರಿಸುತ್ತೇನೆ.

ಅಳತೆ ಕೇಳುವವರು ಮೊದಲು ನಿಮ್ಮ ಓಣಿಯಿಂದ ಪಕ್ಕದ ಕಟ್ಟಡದ ತಲೆಗೆ ಎಷ್ಟು ಅಡಿ, ಅದು ಯಾವ ದಿಕ್ಕಿಗಿದೆ, ಹಂಡೆಯ ಹೊಟ್ಟೆಯ ಸುತ್ತಳತೆ ಎಷ್ಟು ಎಂಬುದನ್ನು ಬರೆದುಕೊಂಡು ಬನ್ನಿ. ಆ ಮೂರೂ ಇದ್ದರೆ ಒಲೆಬಾಯಿಯ ಅಳತೆಯನ್ನು ನಾನು ಹೇಳಬಲ್ಲೆ.