ಬಾಯಿ ಬಿಗಿತಕ್ಕೆ ಕರ್ಕ್ಯುಮಿನ್: ನಾನು ಕೊಡುವ ರೀತಿ, ಕಂಡ ಫಲ

ನಾನು ಶಿವಮೊಗ್ಗ ಕಡೆಯ ದಂತವೈದ್ಯೆ. ಅಡಿಕೆ ಸೀಮೆ ಇದು, ಹಾಗಾಗಿ ಹಲ್ಲುನೋವಿನವರ ನಡುವೆ ಬಾಯಿ ಬಿಗಿತದವರೂ ಬರುತ್ತಲೇ ಇರುತ್ತಾರೆ. ನಾವು ಡಾಕ್ಟರುಗಳು ಇದನ್ನು ಓಎಸ್‌ಎಂಎಫ್ (ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್) ಎನ್ನುತ್ತೇವೆ, ಅಂದರೆ ಬಾಯಿಯ ಒಳಚರ್ಮದಡಿ ನಾರು ಕಟ್ಟಿಕೊಳ್ಳುವ ಕಾಯಿಲೆ. ಬಂದವರ ಮೊದಲ ದೂರು ಉರಿ. ಸಾರನ್ನ ಬಾಯಿಗಿಟ್ಟರೂ ಕಣ್ಣಲ್ಲಿ ನೀರು. ಮೂರು ಬೆರಳು ಜೋಡಿಸಿ ಬಾಯಿಗೆ ಹಾಕಿ ಎಂದರೆ ಎರಡೇ ಹೋಗುತ್ತವೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಮೇಲಿಂದ ಕೆಳಗೆ ಬಿಗಿದು ಕಟ್ಟಿದ ಹಗ್ಗದ ಹಾಗೆ ಪಟ್ಟಿಗಳು ಸಿಗುತ್ತವೆ. ಒಳಚರ್ಮ ಬಿಳಿಚಿರುತ್ತದೆ, ಕಿರುನಾಲಿಗೆ ಮುದುಡಿರುತ್ತದೆ.

"ತಂಬಾಕು ಮುಟ್ಟೇ ಇಲ್ಲ ಡಾಕ್ಟ್ರೇ, ಬರೀ ಅಡಿಕೆ." ಇದನ್ನು ನಾನು ಜಾಸ್ತಿ ಕೇಳಿದ್ದೇನೆ. ಆದರೆ ಈ ಕಾಯಿಲೆ ತರುವುದೇ ಅಡಿಕೆ. ಅದರಲ್ಲಿರುವ ಅರೆಕೋಲಿನ್ ನಾರು ಕಟ್ಟುವ ಜೀವಕೋಶಗಳನ್ನು ಕೆಣಕುತ್ತದೆ, ಅದರಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಪಟ್ಟಿಗೇ ಸೇರಿಸಿದೆ. ನಮ್ಮ ಮನೆಗೂ ತೋಟ ಇದೆ. ಹಾಗಿದ್ದೂ ಇದನ್ನು ಹೇಳದೇ ಇರಲು ನನ್ನಿಂದ ಆಗುವುದಿಲ್ಲ.

ಈಗ ಕರ್ಕ್ಯುಮಿನ್ ವಿಷಯ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಇದೇ. ಉರಿಯೂತ ಎಬ್ಬಿಸುವ ಸಂಕೇತಗಳನ್ನು ಜೀವಕೋಶದೊಳಗೇ ತಗ್ಗಿಸುತ್ತದೆ, ಅದಕ್ಕೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಷ್ಟು ಹೇಳುವಷ್ಟರಲ್ಲಿ ಜೊತೆಗೆ ಬಂದ ಅಮ್ಮಂದಿರು, "ಮನೇಲೇ ಅರಿಶಿನ ಇದೆಯಲ್ಲ, ಹಾಲಿಗೆ ಹಾಕಿ ಕೊಡ್ತೀನಿ ಬಿಡಿ" ಎನ್ನುತ್ತಾರೆ. ಆಗ ಲೆಕ್ಕ ಬಿಡಿಸಿ ಹೇಳುತ್ತೇನೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. 1 ಗ್ರಾಂ ಬೇಕಾದರೆ 30 ಗ್ರಾಂಗಿಂತ ಜಾಸ್ತಿ ಪುಡಿ ತಿನ್ನಬೇಕು, ಅದೂ ದಿನಾ. ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶದ ಜೊತೆಗೆ ಕೊಟ್ಟು ನೋಡಿದಾಗ ಈ ಹೀರಿಕೆ 20 ಪಟ್ಟು ಏರಿತ್ತು. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುವುದು ಈ ಕಾರಣಕ್ಕೆ.

ನಾನು ಕೊಡುವುದು ಹೀಗೆ. ಮೊದಲು ಬಾಯಿ ಎಷ್ಟು ತೆರೆಯುತ್ತದೆ ಎಂದು ಮೇಲಿನ ಕೆಳಗಿನ ಮುಂಹಲ್ಲಿನ ನಡುವೆ ವರ್ನಿಯರ್ ಎಂಬ ಅಳತೆ ಸಾಧನ ಇಟ್ಟು ಅಳೆಯುತ್ತೇನೆ. ಉರಿಗೆ ಸೊನ್ನೆಯಿಂದ ಹತ್ತರವರೆಗೆ ಅವರೇ ಅಂಕ ಹಾಕಬೇಕು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಟ್ಟಿಯಾದ ಅಂಚು ಏನಾದರೂ ಕಂಡರೆ ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತೀರಾ, ಪಿತ್ತಕೋಶದಲ್ಲಿ ಕಲ್ಲಿದೆಯಾ, ಹಿಂದೆ ಕಾಮಾಲೆ ಬಂದಿತ್ತಾ, ಬಸುರಿನಾ, ಇಷ್ಟೂ ಕೇಳುತ್ತೇನೆ. ಒಂದಕ್ಕೆ ಹೌದು ಎಂದರೂ ಕ್ಯಾಪ್ಸೂಲ್ ಬರೆಯುವುದಿಲ್ಲ. ಪೈಪರಿನ್ ಸೇರಿಸಿದ ಅರಿಶಿನದ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಅದಕ್ಕೇ ಯಾರೂ ಇದನ್ನು ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಬಾರದು.

ತೊಂದರೆ ಇಲ್ಲದವರಿಗೆ ದಿನಕ್ಕೆ 1 ಗ್ರಾಂ, ಊಟ ಆದ ಮೇಲೆ, ಎರಡು ಹೊತ್ತು ಹಂಚಿ. ಮೂರು ತಿಂಗಳು. ಜೊತೆಗೆ ಕರ್ಕ್ಯುಮಿನ್ ಜೆಲ್. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಚ್ಚಬೇಕು, ಅರ್ಧ ಗಂಟೆ ನೀರೂ ಕುಡಿಯಬಾರದು. ಎಂಜಲು ಇದ್ದಾಗ ಹಚ್ಚಿದರೆ ಜೆಲ್ ನಿಲ್ಲುವುದೇ ಇಲ್ಲ, ಕೊಳೆತ ಹಣ್ಣಿಗೆ ದುಡ್ಡು ಸುರಿದ ಲೆಕ್ಕ. ಇದರ ಜೊತೆಗೆ ಬಾಯಿ ತೆರೆಯುವ ಕಸರತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವುದು, ಅಭ್ಯಾಸವಾದ ಹಾಗೆ ಒಂದೊಂದೇ ಕಡ್ಡಿ ಸೇರಿಸುವುದು. ಬೇಜಾರಿನ ಕೆಲಸ, ಆದರೆ ಇದನ್ನು ಮಾಡದಿದ್ದರೆ ಬಾಯಿ ತೆರೆಯುವುದು ಅಷ್ಟಾಗಿ ಸುಧಾರಿಸುವುದಿಲ್ಲ.

ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹುಡುಗ ಬಂದಿದ್ದ, 24 ಮಿಲಿಮೀಟರ್ ಮಾತ್ರ ತೆರೆಯುತ್ತಿತ್ತು. ಸಾಮಾನ್ಯವಾಗಿ 35ರ ಮೇಲೆ ಇರಬೇಕು. ಅಡಿಕೆ ಬಿಟ್ಟ, ಪಾನ್ ಮಸಾಲ ಬಿಟ್ಟ. ದಿನವಿಡೀ ಅಡಿಕೆ ಮೂಟೆಯ ನಡುವೆಯೇ ಇದ್ದೂ ಅದನ್ನು ತಿನ್ನುವುದು ಬಿಟ್ಟ, ಅದು ಸಣ್ಣ ಮಾತಲ್ಲ. ಮೊದಲ ತಿಂಗಳಲ್ಲೇ ಉರಿ ಎಂಟರಿಂದ ಮೂರಕ್ಕೆ ಬಂತು. ಮೂರು ತಿಂಗಳ ಕೊನೆಗೆ ಅಳತೆ 29. ಇದರಲ್ಲಿ ಕರ್ಕ್ಯುಮಿನ್ ಪಾಲೆಷ್ಟು, ಅಡಿಕೆ ಬಿಟ್ಟದ್ದರ ಪಾಲೆಷ್ಟು, ಕಡ್ಡಿಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಆದರೆ ಮಾತ್ರೆ ನುಂಗುತ್ತಾ ಅಡಿಕೆಯನ್ನೂ ಜಗಿದವರಲ್ಲಿ ಉರಿ ಸ್ವಲ್ಪ ತಗ್ಗಿ ಮತ್ತೆ ಬಂದದ್ದನ್ನು ಕಂಡಿದ್ದೇನೆ. ಪಟ್ಟಿಗಳು ತೀರಾ ಗಟ್ಟಿಯಾಗಿ ಒಂದೇ ಬೆರಳು ಹೋಗುವ ಹಂತ ತಲುಪಿದವರಿಗೆ ಇದರಿಂದ ಬಾಯಿ ತೆರೆಯುವುದಿಲ್ಲ, ಅವರನ್ನು ನೇರ ಸರ್ಜನ್ ಹತ್ತಿರ ಕಳಿಸುತ್ತೇನೆ.

ಬಿಳಿ ಮಚ್ಚೆ, ಅಂದರೆ ಲ್ಯುಕೋಪ್ಲೇಕಿಯಾಗೂ ಕೇಳುತ್ತಾರೆ. ನಮ್ಮ ದೇಶದಲ್ಲೇ 223 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 3.6 ಗ್ರಾಂನಂತೆ ಆರು ತಿಂಗಳು ಕೊಟ್ಟಿದ್ದರು. ಕರ್ಕ್ಯುಮಿನ್ ತಗೊಂಡವರಲ್ಲಿ ಶೇ. 67.5 ಜನರ ಮಚ್ಚೆ ಕುಗ್ಗಿತು, ಔಷಧ ಇಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಶೇ. 55.3. ವ್ಯತ್ಯಾಸ ಇದೆ, ಆದರೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಣ್ಣಿಗೆ ಮಚ್ಚೆ ಚಿಕ್ಕದಾಯಿತು ಅಂತ ಒಳಗಿನ ಕ್ಯಾನ್ಸರ್ ಅಪಾಯ ಹೋಯಿತು ಅಂತಲ್ಲ, ಅಲ್ವಾ? ಅದಕ್ಕೇ ಮಾತ್ರೆ ಮುಗಿದ ಮೇಲೂ ಮೂರು ತಿಂಗಳಿಗೊಮ್ಮೆ ಕರೆಸಿ ಬಾಯಿ ನೋಡುತ್ತೇನೆ, ಫೋಟೊ ತೆಗೆದು ಹಳೆಯದರ ಪಕ್ಕ ಇಡುತ್ತೇನೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ರಕ್ತ ಜಿನುಗುವ ಜಾಗ, ಕೈಗೆ ಗಟ್ಟಿ ಸಿಗುವ ಅಂಚು, ಇವು ಕಂಡರೆ ಆ ಮೂರು ತಿಂಗಳು ಕಾಯುವ ಹಾಗಿಲ್ಲ, ಅವತ್ತೇ ಬನ್ನಿ ಎಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದು ಕೊಡುತ್ತೇನೆ.