ಬಾಡಿಗೆ ಮನೆಗೆ ರ‍್ಯಾಂಪ್, ಹಿಡಿಕಂಬಿ ಬೇಕಾದಾಗ

ಮಾಲೀಕರ ಹತ್ತಿರ ಬಾಯಿಮಾತಿನಲ್ಲಿ ಹೇಳಿದ್ದರೂ ತಾರೀಖು ಹಾಕಿದ ಪತ್ರ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾಯಿಲೆಯ ಪುರಾಣ ಬೇಡ. ಎಲ್ಲಿ ತೊಡಕು, ಏನು ಬದಲಾಗಬೇಕು, ಖರ್ಚು ಯಾರದು ಎಂದು ಬರೆದರೆ ಸಾಕು.

ಅಳತೆ ಮಾತ್ರ ಬಿಡಬೇಡಿ. ವೀಲ್‌ಚೇರ್ ರ‍್ಯಾಂಪ್‌ಗೆ 1:12 ಇಳಿಜಾರು, ಅಂದರೆ 15 ಸೆಂ.ಮೀ. ಎತ್ತರದ ಮೆಟ್ಟಿಲಿಗೆ 180 ಸೆಂ.ಮೀ. ಉದ್ದ. ಜಾಗ ಉಳಿಸಲು ಇಳಿಜಾರನ್ನು ಕಡಿದಾಗಿಸಿದರೆ ಕುರ್ಚಿ ಹಿಂದಕ್ಕೆ ವಾಲುತ್ತದೆ. ಬಾಗಿಲ ಮುಂದೆ ಸುಮಾರು 150 ಸೆಂ.ಮೀ. ಸಮತಟ್ಟಾಗಿರಲಿ, ಇಲ್ಲದಿದ್ದರೆ ಚಿಲಕ ತೆಗೆಯುವಷ್ಟರಲ್ಲಿ ಕುರ್ಚಿ ಜಾರುತ್ತದೆ.

ಶೌಚಾಲಯದ ಹಿಡಿಕಂಬಿಯನ್ನು ಗಟ್ಟಿ ಗೋಡೆಗೇ ಬೋಲ್ಟ್ ಮಾಡಿಸಿ. ಟೈಲ್ಸ್‌ಗೆ ಅಂಟುವ ಸಕ್ಷನ್ ಹಿಡಿಕೆ ಮೈಭಾರ ಬಿದ್ದಾಗಲೇ ಕಿತ್ತು ಬರಬಹುದು. ಗೋಡೆಗೆ ತೂತು ಎಂದರೆ ಮಾಲೀಕರು ಹಿಂಜರಿಯುವುದು ಸಹಜ. ಮನೆ ಬಿಡುವಾಗ ಮುಚ್ಚಿಸಿಕೊಡುವುದಾಗಿ ಪತ್ರದಲ್ಲೇ ಸೇರಿಸಿ.