ಮಗುವಿನ ಮಿಸುಕಾಟ ಕಡಿಮೆಯಾದರೆ ಕಾಯಬೇಡಿ

2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಇದನ್ನು ತಡೆಯುವ ಕೆಲಸ ಶುರುವಾಗುವುದು ಮನೆಯಲ್ಲೇ ಅಲ್ವಾ?

ಬಸಿರು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 8 ತಪಾಸಣೆ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ ಇರುತ್ತದೆ. ಬಿಪಿ, ರಕ್ತ, ಸಕ್ಕರೆ ನೋಡಿಸಿ. 28 ವಾರ ಕಳೆದ ಮೇಲೆ ಮಗ್ಗುಲಾಗಿ ಮಲಗಿ.

ಮಗು ಮಿಸುಕುವುದು ಕಡಿಮೆಯಾಯಿತು, ನೀರು ಹೋಯಿತು, ರಕ್ತ ಕಂಡಿತು, ಹೊಟ್ಟೆ ಬಿಗಿಯಾಗಿ ಬಿಗಿಯಾಗಿ ಬಿಡುತ್ತಿದೆ ಅಂದರೆ, ಸುಮ್ನೆ ಬೆಳಗಾಗಲಿ ಅಂತ ಕೂರದೆ ಆಗಲೇ 108ಕ್ಕೆ ಫೋನ್ ಮಾಡಿ. ಬೇಗ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ. ಮಳೆಗಾಲದಲ್ಲಿ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ನಂಬಬೇಡಿ, ದಿನ ಹತ್ತಿರ ಬಂದರೆ ಶಿರಸಿಯಲ್ಲೋ ಕುಮಟಾದಲ್ಲೋ ನೆಂಟರ ಮನೆಗೆ ಮೊದಲೇ ಹೋಗಿ ಇರಿ.